ಬೀಜದ ಹೋರಿಯ ಆಹಾರವೂ ಸಂತಾನಶಕ್ತಿಯೂ

ಕರೆಯುವ ಹಸುವಿಗೆ ಒಂದು ಸೇರು ಹಿಂಡಿಯನ್ನು ಹೆಚ್ಚಾಗಿ ಇಟ್ಟರೆ ಅದರ ಫಲ ಕೆಲವೇ ದಿನಗಳಲ್ಲಿ ಹಾಲಿನ ಪಾತ್ರೆಯಲ್ಲಿ ಕಾಣುತ್ತದೆ. ಉಳುವ ಎತ್ತಿಗೆ ಹುರುಳಿ ಬೇಯಿಸಿ ಹಾಕಿದರೆ ಅದರ ಫಲ ನೇಗಿಲ ಸಾಲಿನಲ್ಲಿ ಕಾಣುತ್ತದೆ. ಆದರೆ ತಳಿಯ ವೃದ್ಧಿಗೆಂದು ಸಾಕಿರುವ ಬೀಜದ ಹೋರಿಗೆ ಹಾಕಿದ ಮೇವಿನ ಫಲವನ್ನು ಎಲ್ಲಿ ನೋಡಬೇಕು? ಅದು ಹಾಲನ್ನು ಕೊಡುವುದಿಲ್ಲ, ಬಂಡಿಯನ್ನು ಎಳೆಯುವುದಿಲ್ಲ. ಹೀಗೆ ಕಣ್ಣಿಗೆ ಕಾಣುವ ಆದಾಯವಿಲ್ಲದ ಪ್ರಾಣಿಯ ಗೋದಲಿಯ ವಿಷಯದಲ್ಲಿ ಜನರು ಎರಡು ಬಗೆಯ ತಪ್ಪುಗಳನ್ನು ಮಾಡುತ್ತ ಬಂದಿದ್ದಾರೆ. ಕೆಲವರು ಅದರ ಮುಂದೆ ಒಣಹುಲ್ಲನ್ನು ಎಸೆದು ಸುಮ್ಮನಾಗುತ್ತಾರೆ. ಇನ್ನು ಕೆಲವರು, ಜಾತ್ರೆಯಲ್ಲಿಯೂ ದನಗಳ ಪ್ರದರ್ಶನದಲ್ಲಿಯೂ ನಾಲ್ಕು ಜನ ಮೆಚ್ಚಲೆಂದು, ಮೈಯೆಲ್ಲ ಕೊಬ್ಬು ತುಂಬುವಂತೆ ಅದಕ್ಕೆ ತಿನ್ನಿಸುತ್ತಾರೆ. ಹಾದಿಗಳು ಬೇರೆಯಾದರೂ ಇವೆರಡೂ ತಲಪುವ ಸ್ಥಳ ಒಂದೇ: ಹೋರಿಯ ಸಂತಾನಶಕ್ತಿ ಕುಗ್ಗುತ್ತದೆ. ಇದು ಹೇಗೆ, ಏತಕ್ಕೆ, ಎಂಬುದನ್ನು ವಿಜ್ಞಾನಿಗಳು ಕಳೆದ ನೂರು ವರ್ಷಗಳಲ್ಲಿ ಒಂದೊಂದಾಗಿ ಬಿಡಿಸಿ ನೋಡಿದ್ದಾರೆ. ಅವರು ಕಂಡುಕೊಂಡ ಸಂಗತಿಗಳು ಪಶುಪಾಲಕರಿಗೆ ಎಷ್ಟು ಪ್ರಯೋಜನಕರವೋ ಜೀವವಿಜ್ಞಾನದ ವಿದ್ಯಾರ್ಥಿಗಳಿಗೆ ಅಷ್ಟೇ ಸ್ವಾರಸ್ಯಕರವಾಗಿವೆ.

ಒಂದು ಹೋರಿ, ಸಾವಿರಾರು ಕರುಗಳು

ಹಸು ವರ್ಷಕ್ಕೆ ಹೆಚ್ಚೆಂದರೆ ಒಂದು ಕರುವನ್ನು ಈಯುತ್ತದೆ. ಹೋರಿಯಾದರೋ ಸ್ವಾಭಾವಿಕ ರೀತಿಯಲ್ಲಿಯೇ ವರ್ಷಕ್ಕೆ ಐವತ್ತು ಅರವತ್ತು ಕರುಗಳಿಗೆ ತಂದೆಯಾಗಬಲ್ಲದು. ಹೋರಿಯೆಂದರೆ ಮಂದೆಯ ಅರ್ಧ ಎಂದು ತಳಿಶಾಸ್ತ್ರಜ್ಞರು ಹೇಳುವುದು ಈ ಕಾರಣದಿಂದಲೇ. ಕೃತಕ ಗರ್ಭಧಾರಣೆಯ ವಿಧಾನವು ಬಳಕೆಗೆ ಬಂದ ಮೇಲಂತೂ ಈ ಮಾತಿನ ಅರ್ಥ ನೂರ್ಮಡಿಯಾಯಿತು. ಭಾರತದಲ್ಲಿ ಈ ವಿಧಾನವನ್ನು ಮೊದಲು ಪ್ರಯೋಗಿಸಿದ ಸ್ಥಳ ಮೈಸೂರು ಎಂಬುದು ಕನ್ನಡಿಗರು ನೆನೆಯತಕ್ಕ ಸಂಗತಿ. ೧೯೩೯ರಲ್ಲಿ ಅಲ್ಲಿನ ಅರಮನೆಯ ಡೈರಿ ಫಾರಂನಲ್ಲಿ ಡಾ. ಸಂಪತ್ ಕುಮಾರನ್ ಅವರು ಈ ಕಾರ್ಯವನ್ನು ಕೈಗೊಂಡರು. ಅನಂತರ ೧೯೬೯ರಲ್ಲಿ, ವೀರ್ಯವನ್ನು ಹೆಪ್ಪುಗಟ್ಟಿಸಿ ಕಾಪಾಡುವ ಕೇಂದ್ರವೊಂದು ಡೆನ್ಮಾರ್ಕಿನ ನೆರವಿನಿಂದ ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲಿ ಸ್ಥಾಪಿತವಾಯಿತು.

ಇಲ್ಲಿ ಒಂದು ಸರಳವಾದ ಲೆಕ್ಕವನ್ನು ಮಾಡೋಣ. ಆರೋಗ್ಯವಾಗಿರುವ ಹೋರಿಯಿಂದ ಒಂದು ಸಲಕ್ಕೆ ಸುಮಾರು ೫ ಮಿಲಿಲೀಟರು ವೀರ್ಯವು ದೊರೆಯುತ್ತದೆ. ಪ್ರತಿಯೊಂದು ಮಿಲಿಲೀಟರಿನಲ್ಲಿಯೂ ಸುಮಾರು ೧೦೦ ಕೋಟಿ ವೀರ್ಯಾಣುಗಳಿರುತ್ತವೆ. ಒಂದು ಹಸುವಿಗೆ ಬಳಸುವ ವೀರ್ಯನಳಿಕೆಯಲ್ಲಿ ೨ ಕೋಟಿ ವೀರ್ಯಾಣುಗಳನ್ನು ತುಂಬುವುದು ನಮ್ಮ ದೇಶದ ಪದ್ಧತಿ. ಅಂದರೆ ಒಂದೇ ಸಲ ಸಂಗ್ರಹಿಸಿದ ವೀರ್ಯದಿಂದ ಇನ್ನೂರಕ್ಕೂ ಹೆಚ್ಚು ನಳಿಕೆಗಳನ್ನು ತುಂಬಬಹುದು. ಶೂನ್ಯಕ್ಕಿಂತ ೧೯೬ ಡಿಗ್ರಿ ಕೆಳಗಿರುವ ದ್ರವ ಸಾರಜನಕದಲ್ಲಿ ಇವುಗಳನ್ನು ಮುಳುಗಿಸಿಟ್ಟು, ದೂರದ ಹಳ್ಳಿಗಳಿಗೆ ಕಳುಹಿಸುತ್ತಾರೆ.

ಹೀಗಿರುವಲ್ಲಿ ಒಂದು ಹೋರಿಯ ಮೇವಿನಲ್ಲಿ ಆದ ಲೋಪವು ಅದರ ಕೊಟ್ಟಿಗೆಯಲ್ಲಿಯೇ ಮುಗಿದುಹೋಗುವುದಿಲ್ಲ. ಅದು ನೂರಾರು ಮನೆಗಳ ಹಿತ್ತಲನ್ನು ಮುಟ್ಟುತ್ತದೆ. ಬೆದೆಗೆ ಬಂದ ಹಸುವಿಗೆ ಗಬ್ಬ ನಿಲ್ಲದಿದ್ದರೆ ರೈತನು ಮತ್ತೆ ೨೧ ದಿನ ಕಾಯಬೇಕು. ಆ ದಿನಗಳ ಮೇವು ನಷ್ಟ, ಮುಂದಿನ ಹಾಲೂ ಅಷ್ಟು ತಡ. ಎರಡು ಮೂರು ಸಲ ಹೀಗಾದರೆ ಆ ಹಸುವಿಗೆ ಗೊಡ್ಡು ಎಂಬ ಹೆಸರು ಬರುತ್ತದೆ. ದೋಷವು ಎಲ್ಲಿಯೋ ಇದ್ದು, ಅಪವಾದವು ಮೂಕಪ್ರಾಣಿಯ ತಲೆಗೆ ಕಟ್ಟುವುದು ಅಪರೂಪವೇನಲ್ಲ.

ವೀರ್ಯಾಣು ಸಿದ್ಧವಾಗುವ ಬಗೆ

ಆಹಾರದ ಪರಿಣಾಮವನ್ನು ತಿಳಿಯಬೇಕಾದರೆ ವೀರ್ಯಾಣುಗಳ ಹುಟ್ಟನ್ನು ಕುರಿತು ಒಂದೆರಡು ಮಾತುಗಳನ್ನು ಮೊದಲು ಹೇಳಬೇಕು. ಹೋರಿಯ ವೃಷಣದೊಳಗೆ ಕೂದಲಿನಂತೆ ತೆಳುವಾದ ನಾಳಗಳು ಸುತ್ತಿಕೊಂಡಿವೆ. ಈ ನಾಳಗಳ ಒಳಗೋಡೆಯಲ್ಲಿರುವ ಮೂಲಕೋಶಗಳು ಮತ್ತೆ ಮತ್ತೆ ಒಡೆದು, ರೂಪವನ್ನು ಬದಲಿಸಿ, ಕೊನೆಗೆ ತಲೆ, ನಡು, ಬಾಲಗಳುಳ್ಳ ವೀರ್ಯಾಣುಗಳಾಗುತ್ತವೆ. ಈ ಕೆಲಸಕ್ಕೆ ಸುಮಾರು ೬೧ ದಿನಗಳು ಬೇಕು. ಆಮೇಲೆ ಅವು ವೃಷಣಕ್ಕೆ ಅಂಟಿಕೊಂಡಿರುವ ಉದ್ದವಾದ ಸುರುಳಿನಾಳದಲ್ಲಿ ಸುಮಾರು ಹತ್ತು ದಿನಗಳ ಕಾಲ ಸಾಗುತ್ತ ಬಲಿಯುತ್ತವೆ. ಈಜುವ ಶಕ್ತಿಯೂ ಅಂಡವನ್ನು ಫಲಿಸುವ ಶಕ್ತಿಯೂ ಅವಕ್ಕೆ ಬರುವುದು ಈ ಪಯಣದಲ್ಲಿಯೇ. ಆರೋಗ್ಯವಂತ ಹೋರಿಯಲ್ಲಿ ವೃಷಣದ ಒಂದೊಂದು ಗ್ರಾಂ ತೂಕವೂ ದಿನಕ್ಕೆ ಒಂದು ಕೋಟಿಗಿಂತ ಹೆಚ್ಚು ವೀರ್ಯಾಣುಗಳನ್ನು ಉತ್ಪತ್ತಿ ಮಾಡುತ್ತದೆ. ಆದುದರಿಂದ ವೃಷಣವು ದೊಡ್ಡದಾದಷ್ಟೂ ಉತ್ಪತ್ತಿಯೂ ಹೆಚ್ಚು.

ಇದರಿಂದ ಒಂದು ಮುಖ್ಯವಾದ ಸಂಗತಿ ಹೊರಪಡುತ್ತದೆ. ಇಂದು ಸಂಗ್ರಹಿಸಿದ ವೀರ್ಯವು ಇಂದಿನ ಮೇವಿನ ಫಲವಲ್ಲ. ಎರಡು ತಿಂಗಳಿಗೂ ಹಿಂದಿನ ಮೇವಿನ ಫಲ. ಏಪ್ರಿಲ್ ತಿಂಗಳಿನಲ್ಲಿ ಹಸುರು ಸಿಗದೆ, ಬಿಸಿಲಿಗೆ ಬೆಂದು ಹೋರಿ ಸೊರಗಿದರೆ ಅದರ ಕುರುಹು ವೀರ್ಯದಲ್ಲಿ ಕಾಣುವುದು ಜೂನ್ ತಿಂಗಳಿನಲ್ಲಿ. ಅಷ್ಟರಲ್ಲಿ ಮಳೆ ಬಿದ್ದು ಹುಲ್ಲು ಚಿಗುರಿರುತ್ತದೆ. ಹೋರಿಯೂ ಮೈ ತುಂಬಿಕೊಂಡು ಲಕ್ಷಣವಾಗಿರುತ್ತದೆ. ಇಷ್ಟು ಚೆನ್ನಾಗಿರುವ ಹೋರಿಯಿಂದ ಹಸುಗಳಿಗೇಕೆ ಗಬ್ಬ ನಿಲ್ಲುತ್ತಿಲ್ಲವೆಂದು ಒಡೆಯನು ಬೆರಗಾಗುತ್ತಾನೆ. ಬೆದೆಯ ಕಾಲ ಬಂದಾಗ ಒಂದು ವಾರ ಹಿಂಡಿ ಹಾಕಿ ಹೋರಿಯನ್ನು ಸಜ್ಜುಗೊಳಿಸುತ್ತೇವೆ ಎಂಬುದು ಏಕೆ ವ್ಯರ್ಥಪ್ರಯತ್ನವೆಂಬುದೂ ಇದರಿಂದಲೇ ತಿಳಿಯುತ್ತದೆ.

ಕೇಂಬ್ರಿಜ್‌ನ ಅವಳಿ ಕರುಗಳು

ಹೊಟ್ಟೆಗೆ ಸಾಲದಿದ್ದರೆ ಸಂತಾನಶಕ್ತಿ ಕುಗ್ಗುವುದು ಸಹಜವೆಂದು ಯಾರಾದರೂ ಹೇಳಬಹುದು. ಆದರೆ ಅದು ಯಾವ ದಾರಿಯಿಂದ ಕುಗ್ಗುತ್ತದೆ? ಈ ಪ್ರಶ್ನೆಗೆ ಉತ್ತರವನ್ನು ಹುಡುಕಿದವರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದ ಥ್ಯಾಡಿಯಸ್ ಮಾನ್ ಪ್ರಮುಖರು. ವೀರ್ಯದಲ್ಲಿರುವ ಸಕ್ಕರೆಯು ರಕ್ತದಲ್ಲಿರುವ ಗ್ಲೂಕೋಸು ಅಲ್ಲ, ಹಣ್ಣುಗಳಲ್ಲಿರುವ ಫ್ರಕ್ಟೋಸು ಎಂಬುದನ್ನು ಅವರು ೧೯೪೬ರಲ್ಲಿ ತೋರಿಸಿದರು. ಈ ಸಕ್ಕರೆ ವೀರ್ಯಾಣುಗಳ ಬುತ್ತಿಯಿದ್ದಂತೆ. ಇದನ್ನು ಒದಗಿಸುವ ಗ್ರಂಥಿಗಳು ವೃಷಣದಿಂದ ಬರುವ ಗಂಡುಹಾರ್ಮೋನಿನ ಅಪ್ಪಣೆಯಿಲ್ಲದೆ ಕೆಲಸ ಮಾಡುವುದಿಲ್ಲ. ಆದುದರಿಂದ ವೀರ್ಯದಲ್ಲಿ ಎಷ್ಟು ಫ್ರಕ್ಟೋಸು ಇದೆಯೆಂದು ಅಳೆದರೆ ಪ್ರಾಣಿಯ ಶರೀರದಲ್ಲಿ ಆ ಹಾರ್ಮೋನು ಎಷ್ಟರಮಟ್ಟಿಗೆ ಕೆಲಸ ಮಾಡುತ್ತಿದೆಯೆಂಬುದನ್ನು ಊಹಿಸಬಹುದು.

ಮಾನ್ ಮತ್ತು ಅವರ ಸಹೋದ್ಯೋಗಿಗಳು ಈ ಅಳತೆಗೋಲನ್ನು ಹಿಡಿದು ಮಾಡಿದ ಪ್ರಯೋಗದ ವರದಿ ೧೯೫೭ರಲ್ಲಿ ಪ್ರಕಟವಾಯಿತು. ಇದಕ್ಕಾಗಿ ಅವರು ಆರಿಸಿಕೊಂಡದ್ದು ಒಂದೇ ಅಂಡದಿಂದ ಹುಟ್ಟಿದ ಅವಳಿ ಹೋರಿಗರುಗಳನ್ನು. ಅವಳಿಗಳೇ ಏಕೆ? ಎರಡು ಬೇರೆ ಬೇರೆ ಕರುಗಳನ್ನು ಹೋಲಿಸಿದಾಗ ಕಂಡ ವ್ಯತ್ಯಾಸವು ಮೇವಿನಿಂದ ಬಂದದ್ದೋ ವಂಶದಿಂದ ಬಂದದ್ದೋ ಹೇಳುವುದು ಕಷ್ಟ. ಒಂದೇ ಅಂಡದ ಅವಳಿಗಳಲ್ಲಿ ಆನುವಂಶಿಕ ಗುಣಗಳು ಒಂದೇ ಆಗಿರುವುದರಿಂದ ವ್ಯತ್ಯಾಸಕ್ಕೆ ಮೇವನ್ನೇ ಹೊಣೆ ಮಾಡಬಹುದು. ಒಂದು ಕರುವಿಗೆ ಹೊಟ್ಟೆ ತುಂಬ ಆಹಾರ, ಅದರ ಒಡಹುಟ್ಟಿಗೆ ಅರೆಹೊಟ್ಟೆ. ಅರೆಹೊಟ್ಟೆಯ ಕರುವಿನಲ್ಲಿ ಫ್ರಕ್ಟೋಸು ಕಾಣಿಸಿಕೊಂಡದ್ದು ಬಹಳ ತಡವಾಗಿ. ಎಂದರೆ ಹಾರ್ಮೋನಿನ ಅಪ್ಪಣೆಯೇ ತಡವಾಗಿ ಹೊರಟಿತ್ತು.

ಈ ಅಪ್ಪಣೆ ಹೊರಡುವುದಾದರೂ ಎಲ್ಲಿಂದ? ಮಿದುಳಿನ ತಳದಲ್ಲಿರುವ ಪಿಟ್ಯೂಟರಿ ಎಂಬ ಪುಟ್ಟ ಗ್ರಂಥಿಯಿಂದ. ಅದು ರಕ್ತಕ್ಕೆ ಸುರಿಸುವ ಹಾರ್ಮೋನು ವೃಷಣವನ್ನು ಎಚ್ಚರಿಸುತ್ತದೆ; ಎಚ್ಚೆತ್ತ ವೃಷಣವು ಗಂಡುಹಾರ್ಮೋನನ್ನು ಸುರಿಸುತ್ತದೆ. ಆಹಾರ ಸಾಲದೆಹೋದಾಗ ಶರೀರವು ಜಾಣನಾದ ಗೃಹಸ್ಥನಂತೆ ವರ್ತಿಸುತ್ತದೆ. ಬರಗಾಲದಲ್ಲಿ ಅವನು ಮದುವೆ ಮುಂಜಿಗಳನ್ನು ಮುಂದಕ್ಕೆ ಹಾಕಿ ಊಟದ ಖರ್ಚನ್ನು ಮಾತ್ರ ನೋಡಿಕೊಳ್ಳುವಂತೆ, ಮಿದುಳು ಸಂತಾನದ ಕೆಲಸಕ್ಕೆ ತಡೆ ಹಾಕಿ, ಇರುವ ಶಕ್ತಿಯನ್ನು ಪ್ರಾಣಧಾರಣೆಗೆ ಮೀಸಲಿಡುತ್ತದೆ. ಹಸಿದ ಪ್ರಾಣಿಯಲ್ಲಿ ಕೆಟ್ಟಿರುವುದು ವೃಷಣವಲ್ಲ. ಅದಕ್ಕೆ ಬರಬೇಕಾದ ಅಪ್ಪಣೆ ಬರುತ್ತಿಲ್ಲ, ಅಷ್ಟೆ.

ಬೆಳೆಯ ಸಿರಿ ಮೊಳಕೆಯಲ್ಲಿ

ಹಾಗಾದರೆ ಅರೆಹೊಟ್ಟೆಯ ಕರುವಿಗೆ ಮುಂದೆ ಚೆನ್ನಾಗಿ ತಿನ್ನಿಸಿ ಕಳೆದುಹೋದುದನ್ನು ತುಂಬಿಕೊಡಬಹುದಲ್ಲ ಎಂದು ವಾಚಕರು ಕೇಳಬಹುದು. ಬಲಿತ ಹೋರಿಯ ವಿಷಯದಲ್ಲಿ ಇದು ಬಹುಮಟ್ಟಿಗೆ ನಿಜ. ಅದು ಕೆಲವು ಕಾಲದ ಕೊರತೆಯನ್ನು ತಡೆದುಕೊಳ್ಳಬಲ್ಲದು, ಮೇವು ಸುಧಾರಿಸಿದಾಗ ತಾನೂ ಸುಧಾರಿಸಬಲ್ಲದು. ಎಳೆಗರುವಿನ ಸಂಗತಿ ಹಾಗಲ್ಲ.

ಕರುವಿನ ಬಾಳಿನಲ್ಲಿ ಸುಮಾರು ಎರಡೂವರೆ ತಿಂಗಳಿನಿಂದ ಆರು ತಿಂಗಳವರೆಗಿನ ಕಾಲ ಬಹಳ ಸೂಕ್ಷ್ಮವಾದದ್ದು. ಹೊರನೋಟಕ್ಕೆ ಆಗ ಯಾವ ಬದಲಾವಣೆಯೂ ಕಾಣುವುದಿಲ್ಲ. ಕರು ಕುಣಿದಾಡಿಕೊಂಡಿರುತ್ತದೆ, ಅಷ್ಟೆ. ಆದರೆ ಒಳಗೆ ಪಿಟ್ಯೂಟರಿ ಗ್ರಂಥಿಯು ಮೊದಲನೆಯ ಸಲ ತನ್ನ ಹಾರ್ಮೋನನ್ನು ಅಲೆ ಅಲೆಯಾಗಿ ಕಳುಹಿಸಲು ತೊಡಗುತ್ತದೆ. ಅದೇ ಸಮಯಕ್ಕೆ ವೃಷಣದಲ್ಲಿ ಸರ್ಟೊಲಿ ಕೋಶಗಳೆಂಬ ಜೀವಕೋಶಗಳು ಸಂಖ್ಯೆಯಲ್ಲಿ ಹೆಚ್ಚುತ್ತಿರುತ್ತವೆ. ೧೮೬೫ರಲ್ಲಿ ಇವುಗಳನ್ನು ವರ್ಣಿಸಿದ ಇಟಲಿಯ ಎನ್ರಿಕೊ ಸರ್ಟೊಲಿಯ ಹೆಸರು ಇವುಗಳಿಗೆ ನಿಂತಿದೆ. ಮೂಡುತ್ತಿರುವ ವೀರ್ಯಾಣುಗಳನ್ನು ಸುತ್ತುವರಿದು, ಅವಕ್ಕೆ ಪೋಷಣೆಯನ್ನು ಕೊಡುವ ದಾದಿಯರು ಇವು. ಒಬ್ಬ ದಾದಿ ಇಂತಿಷ್ಟೇ ಮಕ್ಕಳನ್ನು ನೋಡಿಕೊಳ್ಳಬಲ್ಲಳು. ದಾದಿಯರ ಸಂಖ್ಯೆಯೋ ಕರುವಿನ ಆ ಮೊದಲ ತಿಂಗಳುಗಳಲ್ಲಿ ನಿಶ್ಚಯವಾಗಿಬಿಡುತ್ತದೆ. ಆಮೇಲೆ ಅದು ಹೆಚ್ಚುವುದಿಲ್ಲ. ಹೋರಿಯು ತನ್ನ ಜೀವಮಾನದಲ್ಲಿ ದಿನಕ್ಕೆ ಎಷ್ಟು ವೀರ್ಯಾಣುಗಳನ್ನು ಉತ್ಪತ್ತಿ ಮಾಡಬಲ್ಲದೆಂಬುದು ಹೀಗೆ ಅದರ ಎಳವೆಯಲ್ಲಿಯೇ ಗೊತ್ತಾಗುತ್ತದೆ.

ಕೆನಡದಲ್ಲಿ ನಡೆಸಿ ೨೦೦೭ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನು ಸ್ಪಷ್ಟಪಡಿಸಿತು. ಅಲ್ಲಿ ಹೋರಿಗರುಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ೧೦ನೆಯ ವಾರದಿಂದ ೨೬ನೆಯ ವಾರದವರೆಗೆ ಎಂದಿನ ಆಹಾರದ ಮುಕ್ಕಾಲು ಪಾಲನ್ನು ಮಾತ್ರ ಕೊಟ್ಟರು. ಆಮೇಲೆ ಎರಡು ಗುಂಪಿಗೂ ಪೂರ್ಣ ಆಹಾರ. ಆದರೂ ಆ ಹದಿನಾರು ವಾರಗಳಲ್ಲಿ ಕಾಲುಪಾಲು ಆಹಾರವನ್ನು ಕಳೆದುಕೊಂಡ ಕರುಗಳು ಪ್ರಾಯಕ್ಕೆ ಬಂದದ್ದು ತಡವಾಗಿ; ೭೦ ವಾರಗಳಾದ ಮೇಲೂ ಅವುಗಳ ವೃಷಣದ ತೂಕ ಕಡಮೆಯಾಗಿಯೇ ಉಳಿದಿತ್ತು. ಹತ್ತು ತಿಂಗಳ ತುಂಬಿದ ಗೋದಲಿಯು ನಾಲ್ಕು ತಿಂಗಳ ಅರೆಹೊಟ್ಟೆಯ ಸಾಲವನ್ನು ತೀರಿಸಲಾರದೆ ಹೋಯಿತು.

ನಮ್ಮ ಹಳ್ಳಿಗಳಲ್ಲಿ ನಡೆಯುವುದನ್ನು ಇದರೊಡನೆ ಇಟ್ಟು ನೋಡಬೇಕು. ಹಾಲು ಮಾರಾಟದ ಸರಕಾದ ಮನೆಗಳಲ್ಲಿ ಗಂಡುಗರುವಿಗೆ ಕೆಚ್ಚಲಿನ ಹತ್ತಿರ ಸಿಗುವ ಅವಕಾಶ ಬಲು ಸ್ವಲ್ಪ. ಹೆಣ್ಣುಗರುವಾದರೆ ನಾಳೆ ಹಾಲು ಕೊಡುವುದೆಂಬ ಆಸೆಯಿಂದ ಅದಕ್ಕೆ ಒಂದು ಮೊಲೆಯನ್ನಾದರೂ ಬಿಡುತ್ತಾರೆ. ಗಂಡುಗರು ತಾಯಿ ಸೊರೆಬಿಡುವವರೆಗೆ ಮಾತ್ರ ಬೇಕಾದ ಪ್ರಾಣಿ. ಹೀಗೆ ಬೆಳೆದ ಕರುಗಳಲ್ಲಿಯೇ ಒಂದನ್ನು ಮುಂದೆ ಊರಿನ ಬೀಜದ ಹೋರಿಯೆಂದು ಆರಿಸಿದರೆ, ಅದರ ಶಕ್ತಿಯ ಒಂದು ಪಾಲು ಮೊದಲೇ ಕಳೆದುಹೋಗಿರುತ್ತದೆ. ಬೆಳೆಯ ಸಿರಿ ಮೊಳಕೆಯಲ್ಲಿ ಎಂಬ ಗಾದೆಗೆ ಇದಕ್ಕಿಂತ ಸರಿಯಾದ ನಿದರ್ಶನವಿಲ್ಲ. ಹುಟ್ಟಿದ ಕೆಲವು ಗಂಟೆಗಳೊಳಗೆ ಗಿಣ್ಣುಹಾಲು, ಮೊದಲ ತಿಂಗಳುಗಳಲ್ಲಿ ಸಾಕಷ್ಟು ಹಾಲು, ಕ್ರಮೇಣ ಮೃದುವಾದ ಹಸುರು ಹುಲ್ಲು ಮತ್ತು ಸಸಾರಜನಕವುಳ್ಳ ಹಿಂಡಿ ತೌಡುಗಳ ಮಿಶ್ರಣ, ಇವು ಹೋರಿಗರುವಿಗೆ ಕೊಡುವ ಭಿಕ್ಷೆಯಲ್ಲ. ಮುಂದಿನ ಮಂದೆಗಾಗಿ ಕಟ್ಟುವ ಮೂಲಧನ.

ಅತಿಯಾದರೆ ಅಮೃತವೂ ವಿಷ

ಇನ್ನು ಎರಡನೆಯ ತಪ್ಪಿನ ಕಡೆಗೆ ತಿರುಗೋಣ. ಕೊರತೆ ಕೆಟ್ಟದ್ದಾದರೆ ಹೇರಳವು ಒಳ್ಳೆಯದಾಗಬೇಕಲ್ಲವೆ? ಇಲ್ಲಿ ಪ್ರಕೃತಿಯು ನಮ್ಮ ತರ್ಕಕ್ಕೆ ಒಪ್ಪುವುದಿಲ್ಲ.

ವೃಷಣಗಳು ಶರೀರದ ಹೊರಗೆ ಚೀಲದಲ್ಲಿ ತೂಗಾಡುತ್ತಿರುವುದಕ್ಕೆ ಕಾರಣವಿದೆ. ಹೋರಿಯ ದೇಹದ ಉಷ್ಣತೆ ಸುಮಾರು ೩೮.೫ ಡಿಗ್ರಿ ಸೆಂಟಿಗ್ರೇಡ್. ವೀರ್ಯಾಣುಗಳು ಸರಿಯಾಗಿ ಬೆಳೆಯಬೇಕಾದರೆ ವೃಷಣವು ಅದಕ್ಕಿಂತ ನಾಲ್ಕೈದು ಡಿಗ್ರಿ ತಂಪಾಗಿರಬೇಕು. ಇದಕ್ಕಾಗಿ ಪ್ರಕೃತಿಯು ಒಂದು ಚಮತ್ಕಾರದ ಏರ್ಪಾಡನ್ನು ಮಾಡಿದೆ. ವೃಷಣಚೀಲದ ಕತ್ತಿನಲ್ಲಿ, ಬಿಸಿರಕ್ತವನ್ನು ಕೆಳಕ್ಕೆ ತರುವ ಶುದ್ಧರಕ್ತನಾಳವು ಸುರುಳಿ ಸುತ್ತಿಕೊಂಡಿದೆ. ತಂಪಾದ ರಕ್ತವನ್ನು ಮೇಲಕ್ಕೆ ಒಯ್ಯುವ ಮಲಿನರಕ್ತನಾಳಗಳು ಅದನ್ನು ಬಲೆಯಂತೆ ಮುತ್ತಿಕೊಂಡಿವೆ. ಇಳಿಯುವ ರಕ್ತವು ತನ್ನ ಕಾವನ್ನು ಏರುವ ರಕ್ತಕ್ಕೆ ಒಪ್ಪಿಸಿ, ತಾನು ತಣ್ಣಗಾಗಿ ವೃಷಣವನ್ನು ಸೇರುತ್ತದೆ. ಚೀಲದ ತೆಳುವಾದ ಚರ್ಮವು ಬೆವತು ಉಳಿದ ಕಾವನ್ನು ಗಾಳಿಗೆ ಬಿಡುತ್ತದೆ.

ಹೋರಿಗೆ ಅಳತೆಮೀರಿ ಕಾಳು ಹಿಟ್ಟುಗಳನ್ನು ತಿನ್ನಿಸಿದಾಗ ಕೊಬ್ಬು ಶೇಖರವಾಗುವ ಸ್ಥಳಗಳಲ್ಲಿ ಈ ಕತ್ತೂ ಒಂದು. ಕಾವು ಹೊರಬೀಳುವ ದಾರಿಗೆ ಅಲ್ಲಿ ಕಂಬಳಿ ಹೊದೆಸಿದಂತಾಗುತ್ತದೆ. ಕೆನಡದ ಲೆತ್‌ಬ್ರಿಜ್ ಸಂಶೋಧನ ಕೇಂದ್ರದಲ್ಲಿ ಗ್ಲೆನ್ ಕೌಲ್ಟರ್ ಮತ್ತು ಸಂಗಡಿಗರು ಈ ವಿಷಯವನ್ನು ಹಲವು ವರ್ಷಗಳ ಕಾಲ ಶೋಧಿಸಿದರು. ೧೯೯೭ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ, ಹಾಲು ಬಿಟ್ಟ ಎಳೆಯ ಹೋರಿಗಳ ಒಂದು ಗುಂಪಿಗೆ ೧೬೮ ದಿನ ಬರಿಯ ಮೇವನ್ನೇ ಕೊಟ್ಟರು. ಮತ್ತೊಂದು ಗುಂಪಿನ ಆಹಾರದಲ್ಲಿ ಶೇಕಡ ೮೦ರಷ್ಟು ಧಾನ್ಯವಿತ್ತು. ಧಾನ್ಯ ತಿಂದವು ನೋಡುವುದಕ್ಕೆ ಭರ್ಜರಿಯಾಗಿದ್ದವು. ಆದರೆ ಸೂಕ್ಷ್ಮದರ್ಶಕದ ಕೆಳಗೆ ಗೆದ್ದದ್ದು ಮೇವು ತಿಂದ ಗುಂಪು. ಅವುಗಳ ವೀರ್ಯದಲ್ಲಿ ಸರಿಯಾದ ಆಕಾರದ, ಮುನ್ನುಗ್ಗಿ ಈಜುವ ವೀರ್ಯಾಣುಗಳು ಹೆಚ್ಚಾಗಿದ್ದವು. ವೃಷಣಚೀಲದ ಮೇಲ್ಭಾಗಕ್ಕೂ ಕೆಳಭಾಗಕ್ಕೂ ಇರಬೇಕಾದ ಉಷ್ಣತೆಯ ಅಂತರವೂ ಅವುಗಳಲ್ಲಿಯೇ ಹೆಚ್ಚಾಗಿತ್ತು.

ಕೊಬ್ಬಿದ ಹೋರಿಗೆ ಬೇರೆ ಕಷ್ಟಗಳೂ ಉಂಟು. ಹೆಚ್ಚು ಧಾನ್ಯದಿಂದ ರೂಮೆನ್ ಎಂಬ ಮೊದಲ ಹೊಟ್ಟೆಯಲ್ಲಿ ಆಮ್ಲ ಏರುತ್ತದೆ. ಅದರಿಂದ ಗೊರಸಿನ ಒಳಪದರ ಉರಿಗೊಂಡು ಹೋರಿ ಕುಂಟುತ್ತದೆ. ಹಿಂಗಾಲಿನಲ್ಲಿ ನೋವಿರುವ ಹೋರಿ ಹಸುವಿನ ಮೇಲೆ ಹಾರಲು ಒಪ್ಪುವುದಿಲ್ಲ. ಇನ್ನೊಂದು ಅಪಾಯ ಸುಣ್ಣಾಂಶಕ್ಕೆ ಸಂಬಂಧಿಸಿದ್ದು. ಒಂದು ಲೀಟರು ಹಾಲಿನೊಡನೆ ಹಸುವು ಒಂದು ಗ್ರಾಮಿಗಿಂತ ಹೆಚ್ಚು ಸುಣ್ಣಾಂಶವನ್ನು ಹೊರಕ್ಕೆ ಕಳುಹಿಸುತ್ತದೆ. ಆದುದರಿಂದ ಅದರ ಆಹಾರದಲ್ಲಿ ಸುಣ್ಣಾಂಶ ಧಾರಾಳವಾಗಿರಬೇಕು. ಹೋರಿಗೆ ಇಂಥ ವೆಚ್ಚವಿಲ್ಲ. ಕರೆಯುವ ಹಸುವಿನ ಆಹಾರವನ್ನೇ ವರ್ಷಗಟ್ಟಲೆ ತಿಂದ ಹೋರಿಗಳಲ್ಲಿ ಬೆನ್ನುಮೂಳೆಯ ಮಣಿಗಳು ಒಂದಕ್ಕೊಂದು ಬೆಸೆದುಕೊಳ್ಳುವುದನ್ನೂ ಗಂಟಲಿನ ಗ್ರಂಥಿಯಲ್ಲಿ ಗಂಟುಗಳು ಬೆಳೆಯುವುದನ್ನೂ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪಶುರೋಗಶಾಸ್ತ್ರಜ್ಞರು ೧೯೬೯ರ ಸುಮಾರಿನಲ್ಲಿ ಗುರುತಿಸಿದರು. ಹಸುವಿಗೆ ಅಮೃತವಾದದ್ದು ಹೋರಿಗೆ ವಿಷವಾಯಿತು.

ಅನ್ನಾಂಗಗಳೂ ಖನಿಜಗಳೂ

ಹೊಟ್ಟೆ ತುಂಬಿದ ಮಾತ್ರಕ್ಕೆ ಪೋಷಣೆ ಪೂರ್ಣವಾಯಿತೆಂದು ಹೇಳುವಂತಿಲ್ಲ. ವಿಟಮಿನ್ ಎಂದು ಕರೆಯುವ ಅನ್ನಾಂಗಗಳೂ ಖನಿಜಗಳೂ ಅಲ್ಪಪ್ರಮಾಣದಲ್ಲಿಯಾದರೂ ಬೇಕೇ ಬೇಕು. ಮೆಲುಕು ಹಾಕುವ ಪ್ರಾಣಿಗಳಿಗೆ ಈ ವಿಷಯದಲ್ಲಿ ಒಂದು ಅನುಕೂಲವುಂಟು. ಅವುಗಳ ಮೊದಲ ಹೊಟ್ಟೆಯಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ‘ಬಿ’ ಗುಂಪಿನ ಅನ್ನಾಂಗಗಳನ್ನು ತಾವೇ ತಯಾರಿಸಿಕೊಡುತ್ತವೆ. ‘ಸಿ’ ಅನ್ನಾಂಗವನ್ನು ದನದ ಯಕೃ್ತ್ತು ತಯಾರಿಸಿಕೊಳ್ಳುತ್ತದೆ. ‘ಎ’ ಅನ್ನಾಂಗವು ಮಾತ್ರ ಮೇವಿನಿಂದಲೇ ಬರಬೇಕು. ಹಸುರು ಎಲೆಗಳಲ್ಲಿರುವ ಕ್ಯಾರೊಟೀನ್ ಎಂಬ ಬಣ್ಣದ ವಸ್ತುವಿನಿಂದ ಪ್ರಾಣಿಯ ಶರೀರವು ಇದನ್ನು ಮಾಡಿಕೊಳ್ಳುತ್ತದೆ. ಬಿಸಿಲಿನಲ್ಲಿ ಒಣಗಿ ಬಿಳಿಚಿದ ಹುಲ್ಲಿನಲ್ಲಿ ಕ್ಯಾರೊಟೀನ್ ಉಳಿಯುವುದಿಲ್ಲ. ತಿಂಗಳುಗಟ್ಟಲೆ ಬತ್ತದ ಹುಲ್ಲನ್ನೋ ಒಣ ಸೊಪ್ಪೆಯನ್ನೋ ತಿಂದ ಹೋರಿಯ ಯಕೃತ್ತಿನಲ್ಲಿ ಕೂಡಿಟ್ಟ ‘ಎ’ ಅನ್ನಾಂಗವು ಮುಗಿದಾಗ ಮೊದಲು ಅದಕ್ಕೆ ಇರುಳುಗುರುಡು ಬರುತ್ತದೆ. ವೀರ್ಯಾಣುಗಳನ್ನು ಹೆರುವ ನಾಳಗಳ ಒಳಪದರವೂ ಕ್ಷಯಿಸುತ್ತದೆ. ಬರಗಾಲದಲ್ಲಿ ದಿನಕ್ಕೆ ಒಂದು ಹೊರೆ ಹಸುರನ್ನು ಹೋರಿಗೆ ಒದಗಿಸುವುದು ಎಷ್ಟು ಮುಖ್ಯವೆಂಬುದು ಇದರಿಂದ ತಿಳಿದೀತು.

‘ಇ’ ಅನ್ನಾಂಗದ ಕಥೆ ಬೇರೊಂದು ಪಾಠವನ್ನು ಕಲಿಸುತ್ತದೆ. ೧೯೨೨ರಲ್ಲಿ ಅಮೆರಿಕದ ಇವಾನ್ಸ್ ಮತ್ತು ಬಿಷಪ್ ಇಲಿಗಳಲ್ಲಿ ಇದನ್ನು ಕಂಡುಹಿಡಿದಾಗ ಇದಕ್ಕೆ ಬಂಜೆತನವನ್ನು ನೀಗುವ ವಸ್ತುವೆಂಬ ಕೀರ್ತಿ ಬಂತು. ಇಲಿಗಳಿಗೆ ಹಿಡಿದದ್ದು ದನಗಳಿಗೂ ಹಿಡಿಯುವುದೆಂದು ಭಾವಿಸಿದವರಿಗೆ ೧೯೪೦ರ ದಶಕದಲ್ಲಿ ಮಿನಸೋಟದಲ್ಲಿ ಗಲಿಕ್ಸನ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗವು ಉತ್ತರ ಕೊಟ್ಟಿತು. ಈ ಅನ್ನಾಂಗವಿಲ್ಲದ ಆಹಾರದ ಮೇಲೆಯೇ ದನಗಳು ತಲೆಮಾರಿನಿಂದ ತಲೆಮಾರಿಗೆ ಕರು ಹಾಕುತ್ತ ಹೋದವು. ಆದರೆ ಅವುಗಳಲ್ಲಿ ಕೆಲವು ಹೃದಯ ನಿಂತು ತಟಕ್ಕನೆ ಸತ್ತುಬಿದ್ದವು! ಅನ್ನಾಂಗವು ಅಗತ್ಯವಾದದ್ದೇನೋ ನಿಜ. ಅದು ನಾವು ನೆನೆದ ಕಾರಣಕ್ಕಲ್ಲ. ಒಂದು ಪ್ರಾಣಿಯಲ್ಲಿ ಕಂಡದ್ದನ್ನು ಪರೀಕ್ಷಿಸದೆ ಮತ್ತೊಂದಕ್ಕೆ ಅನ್ವಯಿಸಬಾರದೆಂಬ ಎಚ್ಚರಿಕೆ ಇದರಲ್ಲಿದೆ.

ಖನಿಜಗಳಲ್ಲಿ ಸತುವಿನ ಪಾತ್ರ ಹಿರಿದು. ಆಸ್ಟ್ರೇಲಿಯದ ಅಂಡರ್‌ವುಡ್ ಮತ್ತು ಸೋಮರ್ಸ್ ೧೯೬೯ರಲ್ಲಿ ಎಳೆಯ ಟಗರುಗಳ ಮೇಲೆ ನಡೆಸಿದ ಪ್ರಯೋಗವನ್ನು ವಿಜ್ಞಾನಿಗಳು ಇಂದಿಗೂ ಉದಾಹರಿಸುತ್ತಾರೆ. ಆಹಾರದ ಹತ್ತು ಲಕ್ಷ ಭಾಗಗಳಲ್ಲಿ ೧೭ ಭಾಗ ಸತು ಇದ್ದಾಗ ಟಗರುಗಳ ಮೈ ಚೆನ್ನಾಗಿಯೇ ಬೆಳೆಯಿತು; ವೃಷಣಗಳು ಮಾತ್ರ ಪೂರ್ತಿ ಬೆಳೆಯಲಿಲ್ಲ. ಸತು ೩೨ ಭಾಗಕ್ಕೆ ಏರಿದಾಗ ಅವೂ ಸರಿಯಾಗಿ ಬೆಳೆದವು. ಇದರ ಅರ್ಥವು ಗಂಭೀರವಾದದ್ದು. ಮೈಕಟ್ಟನ್ನು ನೋಡಿ ಸಂತಾನಶಕ್ತಿಯನ್ನು ಅಳೆಯಲಾಗದು. ಮೈಗೆ ಸಾಕಾದದ್ದು ಬೀಜಕ್ಕೆ ಸಾಲದಿರಬಹುದು. ಕರ್ನಾಟಕದ ಅನೇಕ ಕಡೆಗಳಲ್ಲಿ ಮಣ್ಣಿನಲ್ಲಿಯೇ ಸತುವಿನ ಕೊರತೆಯಿರುವುದನ್ನು ಮಣ್ಣುಪರೀಕ್ಷೆಗಳು ತೋರಿಸಿವೆ. ಮಣ್ಣಿನಲ್ಲಿ ಇಲ್ಲದ್ದು ಹುಲ್ಲಿಗೆ ಎಲ್ಲಿಂದ ಬರಬೇಕು? ಹೋರಿಗಳ ಆಹಾರದಲ್ಲಿ ಖನಿಜ ಮಿಶ್ರಣವನ್ನು ಸೇರಿಸಬೇಕೆನ್ನುವುದು ಇದಕ್ಕಾಗಿಯೇ.

ಹತ್ತಿಕಾಳಿನ ಸಮಸ್ಯೆ

ಹತ್ತಿ ಬೆಳೆಯುವ ಸೀಮೆಗಳಲ್ಲಿ ಹತ್ತಿಕಾಳು ಮತ್ತು ಅದರ ಹಿಂಡಿ ದನಗಳಿಗೆ ಮೆಚ್ಚಿನ ಆಹಾರ. ಹಸುವಿನ ಹಾಲಿನಲ್ಲಿ ಕೊಬ್ಬಿನ ಅಂಶವನ್ನು ಹೆಚ್ಚಿಸುವುದೆಂದು ಇದಕ್ಕೆ ಹೆಸರಿದೆ. ಆದರೆ ಈ ಕಾಳಿನಲ್ಲಿ ಗಾಸಿಪಾಲ್ ಎಂಬ ಹಳದಿ ಬಣ್ಣದ ವಸ್ತುವೊಂದಿದೆ. ಇದರ ಗುಣವು ಬಯಲಿಗೆ ಬಂದುದು ಚೀನ ದೇಶದಲ್ಲಿ. ೧೯೫೦ರ ದಶಕದಲ್ಲಿ, ಶುದ್ಧಿಮಾಡದ ಹತ್ತಿಕಾಳಿನ ಎಣ್ಣೆಯನ್ನು ಅಡುಗೆಗೆ ಬಳಸುತ್ತಿದ್ದ ಹಳ್ಳಿಗಳಲ್ಲಿ ಮಕ್ಕಳು ಹುಟ್ಟುವುದೇ ವಿರಳವಾಯಿತು. ಕಾರಣವನ್ನು ಹುಡುಕಿದಾಗ ಸಿಕ್ಕಿದ್ದು ಗಾಸಿಪಾಲ್. ಮುಂದೆ ೧೯೭೦ರ ದಶಕದಲ್ಲಿ ಅದನ್ನೇ ಗಂಡಸರ ಸಂತಾನನಿರೋಧಕ ಗುಳಿಗೆಯನ್ನಾಗಿ ಪರೀಕ್ಷಿಸಿದರು. ಆದರೆ ಕೆಲವರ ರಕ್ತದಲ್ಲಿ ಪೊಟ್ಯಾಸಿಯಂ ಇಳಿಯಿತು. ಇನ್ನು ಕೆಲವರಿಗೆ ಗುಳಿಗೆಯನ್ನು ಬಿಟ್ಟ ಮೇಲೂ ಸಂತಾನಶಕ್ತಿ ಮರಳಲಿಲ್ಲ. ಆದುದರಿಂದ ಆ ಯತ್ನವನ್ನು ಕೈಬಿಡಬೇಕಾಯಿತು.

ಮೆಲುಕು ಹಾಕುವ ಪ್ರಾಣಿಗಳಿಗೆ ಗಾಸಿಪಾಲ್‌ನ ಕಾಟ ಕಡಮೆ. ಮೊದಲ ಹೊಟ್ಟೆಯಲ್ಲಿ ಅದು ಸಸಾರಜನಕದೊಡನೆ ಬೆಸೆದುಕೊಂಡು ನಿಷ್ಕ್ರಿಯವಾಗುತ್ತದೆ. ಆದರೆ ಈ ರಕ್ಷಣೆಗೂ ಒಂದು ಮಿತಿಯುಂಟು. ಅಮೆರಿಕದ ಫ್ಲಾರಿಡದಲ್ಲಿ ಪೀಟರ್ ಚೆನೊವೆತ್ ಮತ್ತು ಸಂಗಡಿಗರು ೧೯೯೪ರಲ್ಲಿ ಎಳೆಯ ಬ್ರಾಹ್ಮನ್ ಹೋರಿಗಳಲ್ಲಿ ಇದನ್ನು ಕಂಡರು. ಈ ಅಮೆರಿಕನ್ ತಳಿಯು ಭಾರತದಿಂದ ಹೋದ ದನಗಳಿಂದಲೇ ಹುಟ್ಟಿದ್ದು. ನಮ್ಮ ಕೃಷ್ಣಾತೀರದ ತಳಿಯ ರಕ್ತವೂ ಅದರಲ್ಲಿ ಸೇರಿದೆ. ಗಾಸಿಪಾಲ್ ತಿಂದ ಹೋರಿಗಳ ವೀರ್ಯಾಣುಗಳಲ್ಲಿ ನಡುಭಾಗವು ಕೆಟ್ಟಿತ್ತು. ವೀರ್ಯಾಣುವಿಗೆ ಈಜುವ ಶಕ್ತಿಯನ್ನು ಕೊಡುವ ಯಂತ್ರಗಳಿರುವುದು ಈ ನಡುವಿನಲ್ಲಿಯೇ. ಫ್ಲಾರಿಡದಲ್ಲಿಯೇ ನಡೆದು ೧೯೯೮ರಲ್ಲಿ ಪ್ರಕಟವಾದ ಮತ್ತೊಂದು ಶೋಧನೆಯಲ್ಲಿ, ಹೇರಳವಾಗಿ ಕೊಟ್ಟ ‘ಇ’ ಅನ್ನಾಂಗವು ಈ ಹಾನಿಯನ್ನು ತಡೆಯಿತು. ಬಂಜೆತನವನ್ನು ನೀಗುವುದೆಂಬ ಹಳೆಯ ಕೀರ್ತಿಯನ್ನು ಕಳೆದುಕೊಂಡಿದ್ದ ಅನ್ನಾಂಗವು ಹೀಗೆ ಬೇರೊಂದು ಬಾಗಿಲಿನಿಂದ ಒಳಕ್ಕೆ ಬಂತು. ಹತ್ತಿಕಾಳನ್ನು ನಿಲ್ಲಿಸಿದರೆ ಹೋರಿಗಳು ಚೇತರಿಸಿಕೊಳ್ಳುತ್ತವೆ ಎಂಬುದೂ ಆಮೇಲೆ ಸಿದ್ಧವಾಗಿದೆ. ಆದರೂ ಬೀಜಕ್ಕೆಂದು ಸಾಕುವ ಎಳೆಯ ಹೋರಿಗಳಿಗೆ ಹತ್ತಿಕಾಳಿಗೆ ಬದಲಾಗಿ ಕಡಲೆಕಾಯಿ ಹಿಂಡಿಯಂಥ ಬೇರೆ ಹಿಂಡಿಯನ್ನು ಕೊಡುವುದೇ ವಿವೇಕ.

ಗೋದಲಿಯಲ್ಲಿ ಏನಿರಬೇಕು?

ಇಷ್ಟೆಲ್ಲ ಸಂಗತಿಗಳಿಂದ ಹೊರಡುವ ಸೂತ್ರವು ಬಹಳ ಸರಳ. ಹೋರಿಗೆ ದಿನಕ್ಕೆ ಬೇಕಾದ ಆಹಾರ, ನೀರಿನಂಶವನ್ನು ಕಳೆದು ಲೆಕ್ಕ ಹಾಕಿದರೆ, ಅದರ ತೂಕದ ನೂರಕ್ಕೆ ಸುಮಾರು ಎರಡು ಪಾಲು. ೫೦೦ ಕಿಲೋಗ್ರಾಂ ತೂಗುವ ಹೋರಿಗೆ ಸುಮಾರು ೨೫ ಕಿಲೋಗ್ರಾಂ ಹಸುರು ಮೇವು, ಮೂರು ಕಿಲೋಗ್ರಾಂ ರಾಗಿಹುಲ್ಲು ಅಥವಾ ಜೋಳದ ಸೊಪ್ಪೆ, ಮೂರು ಕಿಲೋಗ್ರಾಂ ಹಿಂಡಿ ತೌಡುಗಳ ಮಿಶ್ರಣ, ಇವು ಸಾಕಾಗುತ್ತವೆ. ಹಸುರಿನಲ್ಲಿ ಮುಸುಕಿನ ಜೋಳ, ನೇಪಿಯರ್ ಹುಲ್ಲುಗಳ ಜೊತೆಗೆ ಅಲಸಂದೆ, ಕುದುರೆಮಸಾಲೆ ಮುಂತಾದ ದ್ವಿದಳ ಸಸ್ಯಗಳೂ ಇದ್ದರೆ ಸಸಾರಜನಕಕ್ಕೆ ಕೊರತೆ ಬಾರದು. ಬರಿಯ ಬತ್ತದ ಹುಲ್ಲಿನಲ್ಲಿ ಸಸಾರಜನಕವು ಶೇಕಡ ನಾಲ್ಕನ್ನೂ ಮುಟ್ಟುವುದು ಕಷ್ಟ. ಹೊಟ್ಟೆಯ ಸೂಕ್ಷ್ಮಜೀವಿಗಳು ಬದುಕುವುದಕ್ಕೇ ಅದರ ಎರಡರಷ್ಟು ಬೇಕು. ಇವುಗಳೊಡನೆ ಖನಿಜ ಮಿಶ್ರಣ, ಉಪ್ಪು, ಶುದ್ಧವಾದ ನೀರು, ನೆರಳು ಮತ್ತು ನಿತ್ಯವೂ ಸ್ವಲ್ಪ ನಡೆದಾಟ ಇರಬೇಕು. ಪಕ್ಕೆಯ ಮೇಲೆ ಕೈಯಾಡಿಸಿದಾಗ ಎಲುಬುಗಳು ಬೆರಳಿಗೆ ಸಿಕ್ಕಬೇಕು, ಆದರೆ ದೂರದಿಂದ ಕಣ್ಣಿಗೆ ಎದ್ದು ಕಾಣಬಾರದು. ಮೇವು ಸರಿಯಾಗಿದೆಯೆಂಬುದಕ್ಕೆ ಇದು ಸುಲಭವಾದ ಪರೀಕ್ಷೆ.

ಆಹಾರವೊಂದರಿಂದಲೇ ಎಲ್ಲವೂ ಆಗುತ್ತದೆಂದಲ್ಲ. ವಂಶ, ರೋಗ, ಬಿಸಿಲು, ವಯಸ್ಸು ಇವುಗಳೂ ಸಂತಾನಶಕ್ತಿಯನ್ನು ನಿರ್ಣಯಿಸುತ್ತವೆ. ಆದರೆ ಇವುಗಳಲ್ಲಿ ನಿತ್ಯವೂ ನಮ್ಮ ಕೈಯಲ್ಲಿರುವುದು ಮೇವು. ಎಳೆಗರುವಿಗೆ ಬಿಟ್ಟ ಹಾಲು ಎರಡು ವರ್ಷಗಳ ಮೇಲೆ ಫಲ ಕೊಡುತ್ತದೆ; ಹೋರಿಗೆ ಇಂದು ಹಾಕಿದ ಹಸುರು ಎರಡು ತಿಂಗಳುಗಳ ಮೇಲೆ ಫಲ ಕೊಡುತ್ತದೆ. ಇವೆರಡಕ್ಕೂ ಕಾಯುವ ತಾಳ್ಮೆಯೂ ಅತಿಗೆ ಹೋಗದ ಮಿತಿಯೂ ಒಡೆಯನಿಗಿರಬೇಕು. ಹಸುವಿಗೆ ಗಬ್ಬ ನಿಲ್ಲಲಿಲ್ಲವೆಂದು ಅದನ್ನು ಗೊಡ್ಡೆಂದು ಹಳಿದು ಸಂತೆಗೆ ಹೊಡೆಯುವ ಮುನ್ನ, ಎರಡು ತಿಂಗಳ ಹಿಂದೆ ಹೋರಿಯ ಗೋದಲಿಯಲ್ಲಿ ಏನಿತ್ತೆಂದು ವಿಚಾರಿಸುವುದು ನ್ಯಾಯ.